ಯಾವ ಊರು, ಯಾರ ಮನೆ

ಶುಕ್ರವಾರ ಬಂತೆಂದರೆ ಈಗೀಗ ಗಣಪಯ್ಯನಿಗೆ ಬೆಳಗಿನ ಕಾಫಿಯೇ ರುಚಿಸುತ್ತಿರಲಿಲ್ಲ. ಗಲ್ಲಾದ ಹಿಂದೆ ಕೂತು, ಸೋಂಪಿನ ಬಟ್ಟಲನ್ನು ಸುಮ್ಮನೆ ಅತ್ತ ಸರಿಸಿ ಇತ್ತ ಸರಿಸಿ, ಗಾಜಿನ ಬಾಗಿಲಾಚೆ ಈಸ್ಟ್ ಹ್ಯಾಮಿನ ಹೈ ಸ್ಟ್ರೀಟಿನಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತಿದ್ದ. ಮೊದಲೆಲ್ಲ ಮುಖ ನೋಡುತ್ತಿದ್ದ. ಸೀರೆ ಅಂಗಡಿಗೆ ಹೊರಟವಳು ತಮಿಳರವಳೋ ಗುಜರಾತಿಯೋ, ಸ್ಟೇಶನ್ನಿನಿಂದ ಬಂದವನು ಹಸಿದವನೋ ಬರೀ ಟೀ ಕುಡಿದು ಹೋಗುವವನೋ, ಬಾಗಿಲು ತಳ್ಳುವ ಮೊದಲೇ ಹೇಳಿಬಿಡುತ್ತಿದ್ದ. ಹೋಟೆಲಿನವನ ಮಗ ಹೋಟೆಲಿನವನೇ, ಅದಕ್ಕೆ ಕೋಟೇಶ್ವರವಾದರೇನು ಲಂಡನ್ನಾದರೇನು. ಈಗ ಮುಖಗಳ ಸಹವಾಸವೇ ಬೇಡವಾಗಿತ್ತು. ಕಿಟಕಿಯ ಪಕ್ಕದ ಮೇಜು ಖಾಲಿ ಇತ್ತು. ಬೆಳಿಗ್ಗೆಯಿಂದ ಅದನ್ನು ಎರಡು ಸಲ ಒರೆಸಿ ಬಂದಿದ್ದ, ಆದರೂ ಅದರ ಮೇಲೆ ಏನೋ ಚೆಲ್ಲಿದ ಹಾಗೆ ಕಾಣುತ್ತಿತ್ತು. ಮೂಲೆಯ ಟೀವಿಯಲ್ಲಿ ಆಗಾಗ, ಆ ಮೇಜಿಗೆ ಬಂದು ಕೂರುತ್ತಿದ್ದವರ ಊರಿನ ಸುದ್ದಿ ಬರುತ್ತಿತ್ತು. ಅಷ್ಟು ವರ್ಷ ಆಳಿದವನು ವಿಮಾನ ಹತ್ತಿ ಓಡಿಹೋಗಿದ್ದ. ಅರಮನೆಯ ಬಾಗಿಲಲ್ಲಿ ಕೆದರಿದ ಕೂದಲಿನ, ಪ್ಲಾಸ್ಟಿಕ್ ಚಪ್ಪಲಿ ಹಾಕಿದ ಹುಡುಗರು ಬಂದೂಕು ಹಿಡಿದು ನಿಂತಿದ್ದರು. ಇನ್ನು ಮುಂದೆ ಏನಾಗುತ್ತದೆ ಎಂದು ಟೀವಿಯವನು ಕೇಳುತ್ತಿದ್ದ, ಯಾರಿಗೂ ಗೊತ್ತಿಲ್ಲ ಎಂದು ತಾನೇ ಹೇಳುತ್ತಿದ್ದ. ಗಣಪಯ್ಯ ಎದ್ದು ಚಾನೆಲ್ ಬದಲಿಸಿದ.

ಅದು ಊರಲ್ಲ, ಒಂದು ದೇಶ. ಆದರೆ ಗಣಪಯ್ಯ ಅದನ್ನು ‘ಅವರ ಊರು’ ಎಂದೇ ಕರೆಯುತ್ತಿದ್ದ. ಕುಂದಾಪುರದ ಕಡೆಯವರಿಗೆ ಜಗತ್ತೆಲ್ಲ ಊರೇ. ಆ ಊರಿನವರು ಈ ಉಡುಪಿ ಹೋಟೆಲು ಹುಡುಕಿಕೊಂಡು ಬಂದದ್ದೂ ಒಂದು ವಿಚಿತ್ರವೇ. ಅವರ ಇಗರ್ಜಿಯ ಕಟ್ಟಳೆಯ ಪ್ರಕಾರ ಬುಧವಾರ, ಶುಕ್ರವಾರ ಉಪವಾಸ: ಮಾಂಸವಿಲ್ಲ, ಹಾಲಿಲ್ಲ, ಬೆಣ್ಣೆ ತುಪ್ಪ ಇಲ್ಲ. ಲಂಡನ್ನಿನಲ್ಲಿ ಅಂಥ ಊಟ ಯಾರು ಕೊಡುತ್ತಾರೆ? ಅವರಲ್ಲಿ ಯಾರೋ ಒಬ್ಬ ಇಲ್ಲಿ ದೋಸೆ ತಿಂದು, ಇದು ನಮ್ಮೂರ ಹುಳಿ ರೊಟ್ಟಿಯ ತಂಗಿ ಅಂದನಂತೆ. ಅಂದಿನಿಂದ ವಾರಕ್ಕೆರಡು ದಿನ ತುಪ್ಪ ಸೋಕದ ಎಣ್ಣೆ ದೋಸೆಗೆ ಬೇರೆ ಕಾವಲಿಯೇ ಮೀಸಲಾಯಿತು. ರಾಜೀವಿ, ಅವನ ಹೆಂಡತಿ, ಏಕಾದಶಿ ತಪ್ಪಿಸದವಳು. ಉಪವಾಸ ಮಾಡುವವರೆಂದ ಮೇಲೆ ಅವಳಿಗೆ ಎಲ್ಲರೂ ನೆಂಟರೇ. ಆದರೆ ಬರುವವರು ಎರಡು ಪಂಗಡ. ಸರ್ಕಾರದ ಕಡೆಯವರು, ರಾಯಭಾರ ಕಚೇರಿಯ ಕೆಬೆದೆ ಮತ್ತು ಅವನ ಜೊತೆಗಾರರು, ಕಿಟಕಿಯ ಪಕ್ಕ. ಸರ್ಕಾರಕ್ಕೆ ಹೆದರಿ ಓಡಿ ಬಂದವರು ಹಿಂದೆ, ಅಡಿಗೆಮನೆಯ ಬಾಗಿಲಿನ ಹತ್ತಿರ. ಇಬ್ಬರಿಗೂ ಒಂದೇ ದೇವರು, ಒಂದೇ ಉಪವಾಸ, ಒಂದೇ ಕಾವಲಿ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರನ್ನು ಮೆಲ್ಲಗೆ ಎಬ್ಬಿಸಿ ಕಳಿಸುವುದರಲ್ಲಿ ಗಣಪಯ್ಯ ನಿಸ್ಸೀಮನಾಗಿದ್ದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಬೀಗುತ್ತಿದ್ದ. ತನಗೆ ಮಾತು ಗೊತ್ತು ಎಂದು ಆಗ ಅವನಿಗೆ ಎಂಥ ನಂಬಿಕೆ.

ಅವನ ಅಪ್ಪ ಕೋಟೇಶ್ವರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು, ಬಂದವರನ್ನೆಲ್ಲ ಕೇಳುತ್ತಿದ್ದುದು ಎರಡೇ ಪ್ರಶ್ನೆ. ಯಾವ್ ಊರ್? ಯಾರ್ ಮನೆ? ಬಾರ್ಕೂರಿನವನು ಒಬ್ಬ ಚಹಾ ಕುಡಿದು ಹೋದರೆ, ಮರುದಿನ ಬಂದ ಇನ್ನೊಬ್ಬ ಬಾರ್ಕೂರಿನವನಿಗೆ ಅದರ ವರದಿ ಆಗಲೇಬೇಕು: ನಿನ್ನೆ ನಿಮ್ಮೂರಿನವರು ಬಂದಿದ್ದರು ಮಾರಾಯ್ರೆ, ಕೆಳಮನೆಯವರು, ಮಗಳಿಗೆ ಗಂಡು ನೋಡುತ್ತಿದ್ದಾರಂತೆ. ಹಾಗೆ ಎಷ್ಟು ಮದುವೆ ಆಯಿತೋ, ಎಷ್ಟು ಮುರಿದ ನೆಂಟಸ್ತಿಕೆ ಕೂಡಿತೋ. ಅದು ಚಾಡಿಯಲ್ಲ. ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ, ಹೋಟೆಲಿನವನು ಮಾಡಲೇಬೇಕಾದ ಉಪಚಾರ. ಕೆಬೆದೆ ಮೊದಲ ಸಲ ಬಂದಾಗ ಗಣಪಯ್ಯ ಕೇಳಿದ್ದ, ಯಾವ ಊರು? ಸರೋವರದ ಪಕ್ಕದ ಒಂದು ಪೇಟೆ ಎಂದಿದ್ದ ಕೆಬೆದೆ. ಅದೇ ಪೇಟೆಯ ಹುಡುಗನೊಬ್ಬ ಹಿಂದಿನ ಮೇಜಿಗೆ ಬರುತ್ತಿದ್ದ; ಯೋನಾಸ್ ಅಂತ, ಪಾರ್ಕ್ ರಾಯಲ್ಲಿನ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ, ಉಪವಾಸದ ದಿನ ಟ್ಯೂಬು ರೈಲು ಬದಲಿಸಿ ಇಷ್ಟು ದೂರ ದೋಸೆಗಾಗಿ ಬರುವವನು. ಇಷ್ಟು ದೊಡ್ಡ ಲಂಡನ್ನಿನಲ್ಲಿ ಒಂದೇ ಪೇಟೆಯವರು ಇಬ್ಬರು! ಪಂಗಡ ಬೇರೆ ಇರಬಹುದು, ಊರು ಊರೇ ಅಲ್ಲವೇ? ಗಣಪಯ್ಯ ಹಿಗ್ಗಿನಿಂದ ಹೇಳಿದ. ಕೆಬೆದೆ ಎದ್ದು ನಿಂತು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ಹೌದೇ, ಯಾರ ಮಗನಂತೆ? ಗೊತ್ತಿಲ್ಲ ಎನ್ನುವುದು ಗಣಪಯ್ಯನಿಗೆ ಅವಮಾನ. ಮುಂದಿನ ಬುಧವಾರ ಹಿಂದಿನ ಮೇಜಿಗೆ ತಾನೇ ಚಟ್ನಿ ಬಡಿಸುತ್ತ, ಯೋನಾಸನನ್ನು ಕೇಳಿದ. ಹುಡುಗ ನಕ್ಕ; ಅವನ ಊರಿನಲ್ಲೂ ಹಿರಿಯರು ಹೀಗೇ ಕೇಳುತ್ತಾರಂತೆ. ಅಪ್ಪ ಡೆಸ್ತಾ, ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಮನೆ ಇಗರ್ಜಿಯ ಹಿಂದಿನ ಬೀದಿ. ಶುಕ್ರವಾರ ಅದು ಕಿಟಕಿಯ ಪಕ್ಕದ ಮೇಜಿಗೆ ತಲುಪಿತು, ಬಿಸಿಬಿಸಿಯಾಗಿ.

ಅಲ್ಲಿ ಊರಿನಲ್ಲಿ ಸರ್ಕಾರದವರು ಭೂಗೋಳದ ಮೇಷ್ಟ್ರನ್ನು ಮನೆಯಿಂದ ಕರೆದುಕೊಂಡು ಹೋದರು. ‘ಸ್ವಲ್ಪ ಕೇಳುವುದಿದೆ’ ಅಂದರಂತೆ. ಮಗ ಲಂಡನ್ನಿನಲ್ಲಿ ಯಾರ ಜೊತೆ ಕೂತು ಏನು ತಿನ್ನುತ್ತಾನೆ ಎಂಬುದೂ ಅವರಿಗೆ ಗೊತ್ತಿತ್ತಂತೆ. ಯೋನಾಸ್ ದುಃಖಕ್ಕೆ, ಅವರ ಊರಿನ ಪದ್ಧತಿಯಂತೆ, ತಲೆ ಬೋಳಿಸಿಕೊಂಡು ಬಂದು ಹಿಂದಿನ ಮೇಜಿನಲ್ಲಿ ಒಬ್ಬನೇ ಕೂತ. ಉಳಿದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟಿದ್ದರು, ಒಬ್ಬರನ್ನು ಕಂಡರೆ ಒಬ್ಬರಿಗೆ ಅನುಮಾನ. ನಮ್ಮಲ್ಲೇ ಯಾರೋ ಹೇಳಿದ್ದಾರೆ ಎಂದು. ಆಗಲೂ ಗಣಪಯ್ಯನಿಗೆ ಹೊಳೆದಿರಲಿಲ್ಲ. ಹೊಳೆದದ್ದು, ಕೆಬೆದೆ ಕೈ ತೊಳೆದು ಬರುತ್ತ, ಮೇಷ್ಟ್ರ ಮಗ ಈಗ ಬರುವುದಿಲ್ಲವೇ ಎಂದು ಹವಾಮಾನ ಕೇಳುವಂತೆ ಕೇಳಿದಾಗ. ಮೇಷ್ಟ್ರ ಮಗ ಎಂದು ಅವನಿಗೆ ಹೇಳಿದ್ದು ತಾನೇ. ಮುಂದಿನ ವಾರ ಯೋನಾಸನ ತಟ್ಟೆಗೆ ಕೇಳದೆಯೇ ಎರಡು ವಡೆ ಹಾಕಿಸಿದ. ಹುಡುಗ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ‘ನಾನು ಕೇಳಿಲ್ಲ’ ಅಂದ. ಪಕ್ಕದ ಮೇಜಿನ ಗುಜರಾತಿಗಳು ತಿರುಗಿ ನೋಡಿದರು. ವಡೆಯನ್ನು ಗಣಪಯ್ಯ ತಾನೇ ವಾಪಸು ಒಯ್ದ. ಗೊತ್ತಾಗಿಯೇ ಹೀಗೆ ಹೇಳಿದನೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ತಾನು ಸೇರಿದೆ ಅನ್ನಿಸಿತು. ಇದೆಲ್ಲ ಆಗಿ ಎರಡು ವರ್ಷ. ರಾಜೀವಿಗೆ ಹೇಳಿರಲಿಲ್ಲ. ಅವಳು ಬೈಯುತ್ತಾಳೆಂದಲ್ಲ. ಬೈಯದೆ, ಒಂದು ಕ್ಷಣ, ಬರೀ ಒಂದೇ ಕ್ಷಣ, ಇವನು ಯಾರು ಎಂಬ ಹಾಗೆ ನೋಡಿಬಿಡುತ್ತಾಳೆಂದು.

ಅಡಿಗೆಮನೆಯಿಂದ ಒಗ್ಗರಣೆಯ ಸಾಸಿವೆ ಸಿಡಿಯುವುದು ಕೇಳಿತು. ಹೋದ ಸೋಮವಾರ ಹೋಟೆಲು ತೆರೆಯುವ ಮೊದಲು ಹಿಂಬಾಗಿಲು ಬಡಿದವಳು ಅಲ್ಮಾಜ್, ಕೆಬೆದೆಯ ಹೆಂಡತಿ. ಯಾವಾಗಲೂ ಕಿಟಕಿಯ ಪಕ್ಕ ರೇಷ್ಮೆಯಂಥ ಬಿಳಿ ಶಾಲು ಹೊದ್ದು ಕೂರುತ್ತಿದ್ದವಳು ಮಾಸಿದ ಕೋಟು ಹಾಕಿ ಕಸದ ಡಬ್ಬಗಳ ನಡುವೆ ನಿಂತಿದ್ದಳು. ಸರ್ಕಾರದ ಫ್ಲ್ಯಾಟು ಬಿಡಿಸಿದ್ದರು. ಊರಿಗೆ ಬಾ ಎಂದು ಅಧಿಕಾರಕ್ಕೆ ಬಂದ ಹೊಸಬರು ಗಂಡನಿಗೆ ಹೇಳಿ ಕಳಿಸಿದ್ದರು, ಅವನು ಹೋಗಿರಲಿಲ್ಲ. ರಾಜೀವಿ ಅವಳನ್ನು ಒಳಗೆ ಕರೆದು ಹಿಟ್ಟಿನ ಡಬ್ಬದ ಮೇಲೆ ಕೂರಿಸಿದಳು, ಕೂರಿಸಿದ ಮೇಲೆ ಕೇಳದೆ ಇರುತ್ತಾಳೆಯೇ? ಅಲ್ಮಾಜಳ ಮಗಳು ಊರಿನಲ್ಲೇ ಉಳಿದುಬಿಟ್ಟಿದ್ದಳು. ಮಗಳ ಗಂಡ ಹಳೆಯ ಸೈನ್ಯದವನು, ಎಲ್ಲಿದ್ದಾನೋ ತಿಳಿಯದು. ತುಂಬಿದ ಬಸುರಿ ರಾಜಧಾನಿಯಿಂದ ಹೇಗೋ ಸರೋವರದ ಪೇಟೆಗೆ ಬಂದು, ಸೋದರತ್ತೆಯ ಮನೆಯಲ್ಲಿ ಅಡಗಿ ಕೂತು ಅಲ್ಲೇ ಹೆತ್ತಿದ್ದಳು. ಈಗ ಬಾಣಂತಿಗೆ ಜ್ವರ, ಡಾಕ್ಟರನ್ನು ಕರೆದರೆ ಗುಟ್ಟು ಬಯಲಾಗುತ್ತದೆ. ಬೇಟೆಗೆ ಹೊರಟವರಿಗೆ ಅಪ್ಪ ಸಿಗದಿದ್ದರೆ ಮಗಳಾದರೂ ಆಗುತ್ತದೆ ಎಂದು ಅಲ್ಮಾಜ್ ಅತ್ತಿದ್ದಳು. ಅಷ್ಟನ್ನೂ ರಾಜೀವಿ ಕಾಯಿ ತುರಿಯುತ್ತ ಗಣಪಯ್ಯನಿಗೆ ಹೇಳಿದ್ದಳು. ಅದನ್ನು ಕೇಳುತ್ತ ಅವನಿಗೆ ಮೊದಲು ಆದದ್ದು ನಾಚಿಕೆಗೇಡಿನ ಸಮಾಧಾನ: ಆಗಲಿ, ಅವನಿಗೂ ತಟ್ಟಲಿ. ಆಮೇಲೆ ಹೆದರಿಕೆ. ಕೆಬೆದೆ ಸಿಕ್ಕಿಬಿದ್ದರೆ ಬಾಯಿ ಬಿಡುತ್ತಾನೆ, ಹೆಸರು ಕೊಟ್ಟವನು ಗಲ್ಲಾದ ಮೇಲಿನ ಮುದುಕ ಎನ್ನುತ್ತಾನೆ. ಹಸುಗೂಸಿನ ನೆನಪಾದದ್ದು ಎಲ್ಲಕ್ಕಿಂತ ಕೊನೆಗೆ. ಕೊನೆಗೆ ಆಯಿತಲ್ಲ ಎಂಬುದೇ ಈ ನಾಲ್ಕು ದಿನ ಅವನನ್ನು ಕೊರೆಯುತ್ತಿತ್ತು.

ಎದ್ದು ಅಡಿಗೆಮನೆಗೆ ಹೋದ. ಇವತ್ತು ಹೇಳಿಬಿಡಬೇಕು. ನಮ್ಮ ಬಾಯಿಂದ ಏನಾಗಿದೆ ಗೊತ್ತೇ, ಅದಕ್ಕೇ ಇನ್ನು ಯಾರ ಊರು, ಯಾರ ಮನೆ, ಯಾರಿಗೂ ಹೇಳಬೇಡ ಎಂದು. ರಾಜೀವಿ ಬೆನ್ನು ಹಾಕಿ ಕಾವಲಿಗೆ ಎಣ್ಣೆ ಸವರುತ್ತಿದ್ದಳು.

‘ರಾಜೀವಿ, ಒಂದ್ ಮಾತ್ ಇತ್ತ್.’

‘ಹೇಳಿ.’

ಅವಳು ತಿರುಗಿದಳು. ಹಣೆಯಲ್ಲಿ ಬೆವರು, ಕೆನ್ನೆಗೆ ಹಿಟ್ಟು. ಆ ಮುಖದಲ್ಲಿ ಅವನ ಬಗ್ಗೆ ಯಾವ ಪ್ರಶ್ನೆಯೂ ಇರಲಿಲ್ಲ. ಅದು ಹಾಗೆಯೇ ಇರಲಿ, ಇನ್ನೊಂದು ದಿನ ಇರಲಿ ಅನ್ನಿಸಿತು.

‘ಹ್ವಾಯ್, ಎಂತ ಸುಮ್ನೆ ನಿಂತ್ರಿ?’

‘ಕೊತ್ತಂಬ್ರಿ ಸೊಪ್ಪ್ ಇತ್ತಾ ಕೇಂಬುಕ್ ಬಂದೆ.’

‘ಫ್ರಿಜ್ಜಲ್ ಕಟ್ಟ್ ಕಟ್ಟ್ ಇತ್ತಲೆ, ಕಾಂತಿಲ್ಯಾ ನಿಮ್ಗ್?’ ಅವಳು ನಕ್ಕಳು. ‘ಪಾಪ ಆ ಅಲ್ಮಾಜ್. ಅವಳ್ದೇ ನೆನಪ್ ನಂಗೆ. ಬಾಣಂತಿ ಮಗಳನ್ನ ಅಲ್ ಬಿಟ್ಟ್ ಇಲ್ ಕೂಕಂಡ್ರೆ ಅನ್ನ ಗಂಟ್ಲಲ್ ಇಳಿತ್ತಾ? ಅವ್ರ ಊರಿನವ್ರ್ ಯಾರಾರೂ ಒಬ್ರ್ ಒಳ್ಳೆಯವ್ರ್ ಸಿಕ್ಕಿದ್ರೆ ಆತಿತ್ತ್.’

ಗಣಪಯ್ಯ ಹೂಂ ಎಂದು ಬಂದುಬಿಟ್ಟ.

ಮಧ್ಯಾಹ್ನ ಬಾಗಿಲಲ್ಲಿ ಎರಡು ಜೊತೆ ಕಾಲು ಕಂಡವು. ಒಂದು ಜೊತೆ ಹಳೆಯ ಬೂಟು, ಹಿಮ್ಮಡಿ ಸವೆದದ್ದು; ಅದು ಯೋನಾಸನದು ಎಂದು ನೋಡಿದ ಕೂಡಲೇ ತಿಳಿಯಿತು. ಇನ್ನೊಂದು ಹೊಚ್ಚ ಹೊಸದು, ಕರಿ, ಮಿರಮಿರ ಮಿಂಚುವುದು. ಅದರ ಯಜಮಾನ ನಡುವಯಸ್ಸಿನವನು, ಅಂಗಡಿಯ ಮಡಿಕೆ ಇನ್ನೂ ಹೋಗದ ಸೂಟು, ಮುಖದ ಮೇಲೆ ಸುಟ್ಟ ಗಾಯದ ಹಳೆ ಗುರುತು. ಯೋನಾಸ್ ಹಿಂದಿನ ಮೇಜಿಗೆ ಹೋಗುತ್ತಾನೆಂದು ಗಣಪಯ್ಯ ಆಗಲೇ ಕೈ ತೋರಿಸಿದ್ದ. ಅವನು ಒಂದು ಗಳಿಗೆ ನಿಂತ, ಸೂಟಿನವನನ್ನು ನೋಡಿದ. ಸೂಟಿನವನು ಕಿಟಕಿಯ ಕಡೆ ಹೊರಟ. ಯೋನಾಸ್ ಹಿಂಬಾಲಿಸಿ, ಕೆಬೆದೆ ಕೂರುತ್ತಿದ್ದ ಕುರ್ಚಿಯಲ್ಲೇ ಕೂತ. ಕೂರಲಿಕ್ಕೆ ಅಲ್ಲಿ ಇನ್ನೂ ಮೂರು ಕುರ್ಚಿಗಳಿದ್ದವು. ಎರಡು ಎಣ್ಣೆ ದೋಸೆ ಹೇಳಿದ. ಗಣಪಯ್ಯ ನೀರು ತಂದಿಟ್ಟಾಗ ಎದ್ದು ನಿಂತು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ಅದು ಆ ಊರಿನ ಮರ್ಯಾದೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಗೊತ್ತಿದ್ದರೂ ಗಣಪಯ್ಯನಿಗೆ ಕೆಬೆದೆಯ ಕೈ ನೆನಪಾಯಿತು.

‘ನಾಳಿದ್ದು ಊರಿಗೆ ಹೊರಟೆ,’ ಎಂದ ಯೋನಾಸ್ ಇಂಗ್ಲಿಷಿನಲ್ಲಿ. ‘ಹೊಸ ಸರ್ಕಾರದಲ್ಲಿ ನನಗೂ ಒಂದು ಕೆಲಸ ಕೊಡುತ್ತಾರಂತೆ. ಇನ್ನು ಯಾರನ್ನೂ ಮನೆಯಿಂದ ಎಳೆದುಕೊಂಡು ಹೋಗುವುದಿಲ್ಲ. ಕೋರ್ಟು ಇರುತ್ತದೆ, ಚುನಾವಣೆ ಇರುತ್ತದೆ.’ ಪಾಠ ಒಪ್ಪಿಸಿದ ಹುಡುಗ ಮೇಷ್ಟ್ರ ಮುಖ ನೋಡುವ ಹಾಗೆ ಸೂಟಿನವನನ್ನು ನೋಡಿದ. ಸೂಟಿನವನು ನಕ್ಕ, ಹೌದೆನ್ನಲಿಲ್ಲ. ಮೇಜಿನ ಕೆಳಗೆ ಅವನು ಹೊಸ ಬೂಟನ್ನು ಅರ್ಧ ಬಿಚ್ಚಿದ್ದ. ಚಪ್ಪಲಿಯಲ್ಲೇ ವರ್ಷಗಟ್ಟಲೆ ಗುಡ್ಡ ಹತ್ತಿದ ಹಿಮ್ಮಡಿ, ಬಿರುಕು ಬಿಟ್ಟಿತ್ತು.

‘ಅಪ್ಪ?’ ಎಂದು ಗಣಪಯ್ಯ ಕೇಳಿದ. ಕೇಳಬಾರದಿತ್ತು.

‘ಜೈಲಿನ ಬಾಗಿಲು ತೆಗೆದರು. ತುಂಬಾ ಜನ ಹೊರಗೆ ಬಂದರು. ಅಮ್ಮ ಮೂರು ದಿನ ಬಾಗಿಲಲ್ಲಿ ಕಾದಳು. ಅಪ್ಪ ಬರಲಿಲ್ಲ.’

ಹೇಳುವುದಿದ್ದರೆ ಈಗ. ಮಗು, ನಿನ್ನ ಅಪ್ಪನ ಹೆಸರನ್ನು ಈ ಮೇಜಿಗೆ ಬಡಿಸಿದವನು ನಾನು. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ಹೇಳಿ ನುಣುಪಾದ ವಾಕ್ಯ. ಗಣಪಯ್ಯ ಬಾಯಿ ತೆರೆದ. ‘ದೇವರಿದ್ದಾನೆ’ ಎಂಬ ಮಾತು ಬಂತು. ಇಷ್ಟು ಹೇಸಿಗೆ ಅವನಿಗೆ ತನ್ನ ಬಗ್ಗೆ ಯಾವತ್ತೂ ಆಗಿರಲಿಲ್ಲ.

ಸೂಟಿನವನು ತಟ್ಟೆ ಮುಟ್ಟಿರಲಿಲ್ಲ. ನಿಧಾನವಾಗಿ, ಪದಗಳನ್ನು ಒಂದೊಂದಾಗಿ ಆರಿಸಿಕೊಂಡು ಕೇಳಿದ. ‘ಕೆಬೆದೆ ಇಲ್ಲಿ ಊಟಕ್ಕೆ ಬರುತ್ತಿದ್ದನಂತೆ.’

‘ಬರುತ್ತಿದ್ದರು. ಈಗ ಬರುವುದಿಲ್ಲ.’

‘ಅವನ ಮನೆಯವರು? ಮಗಳೊಬ್ಬಳಿದ್ದಾಳೆ.’

‘ನನಗೆ ಗೊತ್ತಿಲ್ಲ.’

ಗಲ್ಲಾದವನ ಬಾಯಲ್ಲಿ ಆ ಮಾತು ಮೊದಲ ಸಲ ಬಂದದ್ದು. ಕೋಟೇಶ್ವರದ ಅಪ್ಪ ಕೇಳಿದ್ದರೆ ತಲೆ ತಗ್ಗಿಸುತ್ತಿದ್ದ. ಗಣಪಯ್ಯನ ಎದೆ ಮಾತ್ರ ಹಗುರಾಯಿತು. ಒಬ್ಬಳು ಬಾಣಂತಿ, ಒಂದು ಕೂಸು, ‘ನನಗೆ ಗೊತ್ತಿಲ್ಲ’ ಎಂಬ ಎರಡು ಪದಗಳ ಹಿಂದೆ ಭದ್ರವಾಗಿದ್ದಾರೆ ಅನ್ನಿಸಿತು. ಹಳೆಯದಕ್ಕೆ ಇದು ಪ್ರಾಯಶ್ಚಿತ್ತವಾದೀತೇ? ಆಗದಿದ್ದರೂ ಇವತ್ತಿನ ಮಟ್ಟಿಗೆ ಬಾಯಿ ಮುಚ್ಚಿದೆನಲ್ಲ. ಕೂಡಲೇ ಅಡಿಗೆಮನೆಯ ನೆನಪಾಯಿತು. ರಾಜೀವಿಗೆ ಒಂದು ಮಾತು, ಒಂದು ಸನ್ನೆ. ತಿರುಗಿದ. ಗಲ್ಲಾದ ಎದುರು ತಮಿಳು ಹೆಂಗಸೊಬ್ಬಳು ಬಿಲ್ಲು ಹಿಡಿದು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಅವಳ ಚಿಲ್ಲರೆ ಕೊಟ್ಟು, ಮಗುವಿನ ಅಂಗೈಗೆ ಸೋಂಪು ಹಾಕಿ ತಲೆಯೆತ್ತುವಷ್ಟರಲ್ಲಿ ರಾಜೀವಿ ಬೆಲ್ಲದ ಕರಿ ಕಾಫಿಯ ಲೋಟಗಳನ್ನು ಹಿಡಿದು ಕಿಟಕಿಯ ಮೇಜಿನ ಹತ್ತಿರ ನಿಂತಿದ್ದಳು.

‘ಯೋನಾಸ್! ಎಷ್ಟು ದಿನ ಆಯಿತು ಮಗಾ.’ ಅವಳ ಇಂಗ್ಲಿಷಿಗೆ ವ್ಯಾಕರಣವಿರಲಿಲ್ಲ, ಆದರೆ ಯಾರಿಗೂ ಅರ್ಥವಾಗದೆ ಉಳಿದದ್ದೂ ಇಲ್ಲ. ‘ನಿನ್ನನ್ನು ದೇವರೇ ಕಳಿಸಿದ ನೋಡು. ನಿನ್ನದು ಆ ಸರೋವರದ ಪೇಟೆಯಲ್ಲವೇ? ಊರಿಗೆ ಹೋಗುತ್ತೀಯಂತೆ, ಒಳಗೆ ಕೇಳಿಸಿತು. ನಿಮ್ಮೂರಿನ ಹುಡುಗಿಯೊಬ್ಬಳು ಕಷ್ಟದಲ್ಲಿದ್ದಾಳೆ. ಹೆತ್ತು ಇನ್ನೂ ತಿಂಗಳಾಗಿಲ್ಲ, ಜ್ವರ, ನೋಡುವವರಿಲ್ಲ.’

‘ರಾಜೀವಿ,’ ಎಂದ ಗಣಪಯ್ಯ. ‘ಒಳಗ್ ಕಾವಲಿ ಕರಟ್ತಾ ಇತ್ತ್.’

‘ಒಲೆ ಆರ್ಸಿಯೇ ಬಂದೆ ಮಾರಾಯ್ರೆ.’ ಮತ್ತೆ ಅವರ ಕಡೆ ತಿರುಗಿದಳು. ‘ದೊಡ್ಡವರ ಜಗಳ ಏನೇ ಇರಲಿ, ಬಾಣಂತಿಗೂ ಕೂಸಿಗೂ ಯಾವ ಪಕ್ಷ? ನೀವು ಈಗ ಅಧಿಕಾರದವರು. ಒಂದು ಮಾತು ಹೇಳಿ ಡಾಕ್ಟರನ್ನು ಕಳಿಸಿದರೆ ಎರಡು ಜೀವ ಉಳಿಯುತ್ತದೆ.’

ಸೂಟಿನವನು ಮೊದಲ ಸಲ ಕಾಫಿಯ ಲೋಟ ಕೈಗೆತ್ತಿಕೊಂಡ. ತುಂಬ ವಿನಯದಿಂದ ಕೇಳಿದ. ‘ಯಾರ ಮನೆಯಲ್ಲಿ ಇದ್ದಾಳಮ್ಮ?’

ಅವಳಿಗೆ ಎಲ್ಲವೂ ಗೊತ್ತಿತ್ತು. ಸೋದರತ್ತೆಯ ಹೆಸರು, ಹಿಟ್ಟಿನ ಗಿರಣಿಯ ಪಕ್ಕದ ಓಣಿ, ನೀಲಿ ಬಣ್ಣದ ಬಾಗಿಲು. ಬಾಗಿಲು ಬಡಿದರೆ ಹೆದರುತ್ತಾರೆ, ಅಲ್ಮಾಜ್ ಹೇಳಿ ಕಳಿಸಿದಳು ಅನ್ನಿ ಎಂದೂ ಹೇಳಿದಳು. ಯೋನಾಸ್ ತನ್ನ ಭಾಷೆಯಲ್ಲಿ ಸೂಟಿನವನಿಗೆ ಏನೋ ಅಂದ, ಬೇಡುವ ದನಿಯಲ್ಲಿ. ಸೂಟಿನವನು ಅವನ ಭುಜದ ಮೇಲೆ ಕೈಯಿಟ್ಟು, ರಾಜೀವಿಯನ್ನು ನೋಡಿಯೇ ಉತ್ತರ ಕೊಟ್ಟ.

‘ಕಳಿಸುತ್ತೇವೆ. ಖಂಡಿತ ಕಳಿಸುತ್ತೇವೆ.’

ಬಾಗಿ ಬೂಟಿನ ಲಾಡಿ ಬಿಗಿದುಕೊಂಡ, ಎದ್ದು ಹೊರಗೆ ಹೋದ. ಕಳಿಸುವುದು ಡಾಕ್ಟರನ್ನೇ ಇರಬಹುದು. ಇರಬಾರದೆಂದೇನಿದೆ? ಅವನ ಮುಖದಲ್ಲಿ ದುಷ್ಟತನ ಕಾಣಲಿಲ್ಲ. ಕೆಬೆದೆಯ ಮುಖದಲ್ಲೂ ಕಂಡಿರಲಿಲ್ಲ. ಗಾಜಿನಾಚೆ, ಬೀದಿಯ ಆ ಬದಿಯ ಕೆಂಪು ಟೆಲಿಫೋನ್ ಪೆಟ್ಟಿಗೆಯ ಬಾಗಿಲನ್ನು ಅವನು ಎಳೆಯುತ್ತಿರುವುದನ್ನು ಗಣಪಯ್ಯ ನೋಡಿದ. ಓಡಿಹೋಗಿ ಅವನ ಕೈ ಹಿಡಿಯಬೇಕು ಅನ್ನಿಸಿತು. ಕಾಲು ಗಲ್ಲಾದ ಹಿಂದೆಯೇ ಇತ್ತು.

ಯೋನಾಸ್ ಎದ್ದಿರಲಿಲ್ಲ. ಅವನು ರಾಜೀವಿಯನ್ನು ನೋಡುತ್ತಿದ್ದ. ಅವಳ ತೃಪ್ತ ಮುಖವನ್ನು, ಕೆನ್ನೆಯ ಹಿಟ್ಟನ್ನು, ಒಂದು ಒಳ್ಳೆಯ ಕೆಲಸ ಮುಗಿಸಿ ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಕೈಗಳನ್ನು. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಏನೋ ನಿಧಾನವಾಗಿ ತಿಳಿಯಾಗುತ್ತ ಬಂತು. ಆಮೇಲೆ ಕತ್ತು ತಿರುಗಿಸಿ ಗಲ್ಲಾದ ಕಡೆ ನೋಡಿದ. ಗಣಪಯ್ಯ ಕಾಲು ನೋಡಲಿಲ್ಲ, ಮುಖವನ್ನೇ ನೋಡಬೇಕಾಯಿತು.

‘ಆ ದಿನ ಚಟ್ನಿ ಬಡಿಸುತ್ತ ನನ್ನ ಅಪ್ಪನ ಹೆಸರು ಕೇಳಿದಿರಿ,’ ಎಂದ ಯೋನಾಸ್. ದನಿ ಏರಿಸಿರಲಿಲ್ಲ. ‘ಯಾಕೆ ಕೇಳಿದಿರಿ?’

‘ನಮ್ಮಲ್ಲಿ ಕೇಳುತ್ತೇವೆ,’ ಎಂದ ಗಣಪಯ್ಯ.

ಯೋನಾಸ್ ತಲೆಯಾಡಿಸಿದ. ‘ನಮ್ಮಲ್ಲೂ ಕೇಳುತ್ತಾರೆ.’ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದ. ಈ ಸಲ ಕೈ ಹಿಡಿಯಲಿಲ್ಲ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಅವನು ಬೀದಿ ದಾಟಿ ಟೆಲಿಫೋನ್ ಪೆಟ್ಟಿಗೆಯ ಹೊರಗೆ, ಒಳಗಿನವನು ಮಾತು ಮುಗಿಸುವುದನ್ನು ಕಾಯುತ್ತ ನಿಂತ. ಒಂದು ಸಲ ಗಾಜಿನ ಮೇಲೆ ಅಂಗೈಯಿಂದ ಬಡಿದ. ಒಳಗಿನವನು ಬೆನ್ನು ತಿರುಗಿಸಿದ.

ರಾಜೀವಿ ಮುಟ್ಟದ ದೋಸೆಯ ತಟ್ಟೆಗಳನ್ನು ನೋಡಿದಳು. ‘ಎಂತ ಆಯ್ತ್? ತಿನ್ನದೇ ಹ್ವಾದ್ರಲೆ. ನಾನ್ ಎಂತಾದ್ರೂ ತಪ್ಪ್ ಮಾತಾಡ್ದ್ಯಾ?’

ಗಣಪಯ್ಯ ಗಲ್ಲಾದಿಂದ ಇಳಿದು ಬಂದ. ಬೆಳಿಗ್ಗೆ ಅಡಿಗೆಮನೆಯಲ್ಲಿ ಎಷ್ಟು ಸುಲಭವಿತ್ತು. ಅವಳು ಒಂದು ಕ್ಷಣ ಹೇಗೆ ನೋಡಿದ್ದರೂ ಸಹಿಸಬಹುದಿತ್ತು. ಇನ್ನು ಅವಳು ತನ್ನನ್ನೇ ಹಾಗೆ ನೋಡಿಕೊಳ್ಳಬೇಕು, ಬದುಕಿರುವವರೆಗೆ. ಅದನ್ನು ಅವಳಿಗೆ ಕೊಡುವವನೂ ಅವನೇ. ಕಿಟಕಿಯ ಪಕ್ಕದ ಕುರ್ಚಿಯನ್ನು ಅವಳ ಕಡೆಗೆ ಎಳೆದ.

‘ಕೂಕೋ,’ ಎಂದ. ‘ಒಂದ್ ಮಾತ್ ಹೇಳೂಕಿತ್ತ್.’

ಹೋಟೆಲು ನಡೆಯುವ ಹೊತ್ತಿನಲ್ಲಿ ಗಿರಾಕಿಗಳ ಕುರ್ಚಿಯಲ್ಲಿ ಕೂತವಳೇ ಅಲ್ಲ. ಸಂಕೋಚದಿಂದ ತುದಿಯಲ್ಲಿ ಕೂತಳು. ಊರಿನ ಏನೋ ಸುದ್ದಿ ಇರಬೇಕೆಂದು ಕಣ್ಣರಳಿಸಿ, ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿ, ಅವನ ಮುಖ ನೋಡಿದಳು.

‘ಹೇಳಿ,’ ಅಂದಳು.